ಹೈಸ್ಕೂಲ್ ಕನ್ನಡ ಕ್ಲಾಸಿಗೆ ನೆಟ್‌ನಿಂದ ಏನು ತಗೊಂಡು ಹೋಗ್ತೀರಿ?

ಮಲ್ನಾಡ್ ಮೇಷ್ಟ್ರು:

ಎಲ್ಲರಿಗೂ ನಮಸ್ಕಾರ. ಶಿವಮೊಗ್ಗ ಜಿಲ್ಲೆಯ ಒಂದು ಸರ್ಕಾರಿ ಹೈಸ್ಕೂಲಲ್ಲಿ ಕನ್ನಡ ಪಾಠ ಮಾಡ್ತೀನಿ, ಹದಿನಾರು ವರ್ಷ ಆಯ್ತು. ನೆಟ್‌ನಲ್ಲಿ ಈಗ ಕನ್ನಡ ಸಾಹಿತ್ಯ ರಾಶಿ ರಾಶಿ ಸಿಗುತ್ತೆ, ಅದರಲ್ಲಿ ಎಂಟು ಒಂಬತ್ತು ಹತ್ತನೇ ಕ್ಲಾಸಿನ ಮಕ್ಕಳ ಮುಂದೆ ನೀವೆಲ್ಲ ನಿಜವಾಗ್ಲೂ ಏನು ಇಡ್ತೀರಿ, ಹೇಗೆ ಇಡ್ತೀರಿ ಅಂತ ತಿಳ್ಕೋಬೇಕು ಅನ್ನಿಸಿ ಇದನ್ನ ಬರೀತಿದೀನಿ. ಮೊದಲು ನನ್ನದೊಂದು ಅನುಭವ ಹೇಳ್ತೀನಿ.

ಹತ್ತನೇ ಕ್ಲಾಸಿಗೆ ಕುಮಾರವ್ಯಾಸನ "ಕೌರವೇಂದ್ರನ ಕೊಂದೆ ನೀನು" ಇದೆಯಲ್ಲ, ಅದನ್ನ ಎಷ್ಟೋ ವರ್ಷ ನಾನು ಒಂದೇ ಥರ ಮಾಡ್ತಿದ್ದೆ. ಪದ್ಯ ಓದೋದು, ಅನ್ವಯ ಹೇಳೋದು, ಸಾರಾಂಶ ಬರೆಸೋದು. ಈ ಸಲ ಮನೆಯಲ್ಲಿ ಗಮಕ ವಾಚನದ, ಅಂದ್ರೆ ಕಾವ್ಯವನ್ನ ರಾಗವಾಗಿ ಓದೋದರ, ಒಂದು ಆಡಿಯೋ ಡೌನ್‌ಲೋಡ್ ಮಾಡ್ಕೊಂಡು, ಒಂದು ಸಣ್ಣ ಬ್ಲೂಟೂತ್ ಸ್ಪೀಕರ್ ಚೀಲದಲ್ಲಿ ಹಾಕ್ಕೊಂಡು ಹೋದೆ. ಮೊದಲು ಮಕ್ಕಳ ಕೈಲೇ ಓದಿಸ್ದೆ. "ಇನತನೂಜನ ಕೂಡೆ ಮೈದುನ" ಅಂತ ಸಾಲು ಮುಗಿಯುತ್ತೆ, ಮುಂದಿನ ಸಾಲು "ತನದ ಸರಸವನೆಸಗಿ" ಅಂತ ಶುರುವಾಗುತ್ತೆ. ಎಲ್ಲರೂ ಮೈದುನ ಅಂತ ನಿಲ್ಲಿಸಿಬಿಟ್ರು, ಒಬ್ಬ ಹುಡುಗ ಎದ್ದು ನಿಂತು ತನದ ಅಂದ್ರೆ ಏನು ಸಾರ್ ಅಂತ ಕೇಳ್ದ. ನಾನು ಏನೂ ಹೇಳ್ದೆ ಆಡಿಯೋ ಹಾಕ್ದೆ. ಗಮಕಿಗಳು ಸಾಲಿನ ಕೊನೆಗೆ ನಿಲ್ಲಲಿಲ್ಲ, ಮೈದುನತನದ ಅಂತ ಒಂದೇ ಉಸಿರಲ್ಲಿ ದಾಟಿಸ್ಕೊಂಡು ಹೋದ್ರು. ಹಿಂದಿನ ಬೆಂಚಿನ ಹುಡುಗಿ, ಸಾರ್ ಅದು ಒಂದೇ ಪದ, ಭಾವಮೈದುನ ಥರ ತಮಾಷೆ ಮಾಡ್ತಿದಾನೆ ಅಂದ್ಲು.

ಅಲ್ಲಿಂದ ಪಾಠ ಎಲ್ಲಿಗೋ ಹೋಯ್ತು. ಇನತನೂಜ ಅಂದ್ರೆ ಸೂರ್ಯನ ಮಗ ಕರ್ಣ. ಕೃಷ್ಣ ಅವನ ಜೊತೆ ಯಾಕೆ ಮೈದುನತನದ ಸರಸ ಆಡ್ಬೇಕು? ಕರ್ಣ ಸೂತನ ಮಗ ಅಂತ ಊರೆಲ್ಲ ತಿಳ್ಕೊಂಡಿದೆ. ಆದ್ರೆ ಕುಂತಿ ವಸುದೇವನ ತಂಗಿ, ಅಂದ್ರೆ ಕೃಷ್ಣನಿಗೆ ಸೋದರತ್ತೆ, ಅತ್ತೆ ಮಗ ಅಂದ್ಮೇಲೆ ಭಾವನೋ ಮೈದುನನೋ ಆಗ್ಬೇಕಲ್ಲ! ಈ ಲೆಕ್ಕ ನಮ್ಮ ಹಳ್ಳಿ ಮಕ್ಕಳಿಗೆ ನನಗಿಂತ ಚೆನ್ನಾಗಿ ಗೊತ್ತು. ಕೃಷ್ಣ ಬಾಯಿಬಿಟ್ಟು ಜನ್ಮರಹಸ್ಯ ಹೇಳೋಕೆ ಮುಂಚೆನೇ ಕವಿ ಒಂದು ಪದದಲ್ಲಿ ಗುಟ್ಟು ಬಿಟ್ಟುಕೊಟ್ಟಿದಾನೆ ಅಂತ ಮಕ್ಕಳೇ ಹಿಡಿದ್ರು. ನನಗೆ ಮೈ ಜುಂ ಅಂತು. ಹದಿನಾರು ವರ್ಷದಿಂದ ಆ ಪದ ಓದ್ತಿದೀನಿ, ಅಲ್ಲಿ ಒಂದು ಸಲನೂ ನಿಂತಿರ್ಲಿಲ್ಲ.

ಆಡಿಯೋ ಕೇಳಿಸಿದ್ದು ಎರಡು ನಿಮಿಷ ಅಷ್ಟೇ, ಉಳಿದ ಮೂವತ್ತೆಂಟು ನಿಮಿಷ ಪುಸ್ತಕ, ಬೋರ್ಡು, ಮಾತು. ನೀವು ಯಾವ ಪಾಠಕ್ಕೆ ಇಂಥದ್ದು ಮಾಡಿದೀರಿ ಹೇಳಿ.


ಕೋಲಾರದ ಟೀಚರ್:

ಸಾರ್ ಓದಿ ಸಂತೋಷ ಆಯ್ತು. ಆದ್ರೆ ಇನ್ನೊಂದು ಕಡೆಯನ್ನೂ ಹೇಳ್ಬೇಕು, ಬೇಜಾರಾಗ್ಬೇಡಿ. ನನ್ನ ಕ್ಲಾಸಲ್ಲಿ 58 ಮಕ್ಕಳು, ಅರ್ಧಕ್ಕಿಂತ ಜಾಸ್ತಿ ಮನೇಲಿ ತೆಲುಗು ಮಾತಾಡೋರು. ಎಸ್‌ಎಸ್‌ಎಲ್‌ಸಿ ಪ್ರಥಮ ಭಾಷೆ 125 ಅಂಕದ್ದು, ನೂರು ಬರವಣಿಗೆ, ಇಪ್ಪತ್ತೈದು ಇಂಟರ್ನಲ್, ರಿಸಲ್ಟ್ ಕಮ್ಮಿ ಆದ್ರೆ ಮೀಟಿಂಗಲ್ಲಿ ನಿಲ್ಲಿಸಿ ಕೇಳ್ತಾರೆ. ಡಿಸೆಂಬರ್ ಬಂತು ಅಂದ್ರೆ ಪಾಸಾಗೋಕೆ ಬೇಕಾದಷ್ಟೇ ಪ್ರಶ್ನೆ ಉತ್ತರದ ಪಾಸಿಂಗ್ ಪ್ಯಾಕೇಜ್ ಕೈಗೆ ಕೊಟ್ಟು ಇದನ್ನೇ ಮಾಡಿಸಿ ಅಂತಾರೆ. ಮಕ್ಕಳು ಯೂಟ್ಯೂಬಲ್ಲಿ ಪಾಠದ ಸಾರಾಂಶದ ವೀಡಿಯೋ ನೋಡ್ಕೊಂಡು ಬಂದು ಪದ್ಯನೇ ಓದಲ್ಲ ಮೇಡಂ ಅದು ಗೊತ್ತು ಅಂತಾರೆ. ಕಥೆ ಗೊತ್ತು ಅಷ್ಟೇ, ಪದ್ಯ ಗೊತ್ತಿಲ್ಲ. ನೆಟ್ ನನ್ನ ಕ್ಲಾಸಿಗೆ ತಂದಿರೋದು ಇದನ್ನ. ಕೊರೊನಾ ಟೈಮಲ್ಲಿ, 2020ರಲ್ಲಿ, ಚಂದನದಲ್ಲಿ ಸಂವೇದ ಪಾಠಗಳು ಬರ್ತಿದ್ವಲ್ಲ, ಆಗ ಬೇರೆ ದಾರಿ ಇರ್ಲಿಲ್ಲ, ಅದರಿಂದ ಎಷ್ಟೋ ಮಕ್ಕಳು ಉಳ್ಕೊಂಡ್ರು. ಆದ್ರೆ ಆಗ ಬಿದ್ದ ಅಭ್ಯಾಸ, ಯಾರೋ ಹೇಳೋದನ್ನ ನೋಡ್ಕೊಂಡು ಕೂತ್ರೆ ಆಯ್ತು ಅನ್ನೋದು, ಅದು ಹೋಗಿಲ್ಲ.


ಮಲ್ನಾಡ್ ಮೇಷ್ಟ್ರು:

ಬೇಜಾರು ಎಂಥದ್ದು ಮೇಡಂ, ನೀವು ಹೇಳಿದ್ದು ಖಂಡಿತ ನಿಜ, ನನ್ನ ಮಕ್ಕಳೂ ನೋಡ್ತಾರೆ. ಸಾರಾಂಶದ ವೀಡಿಯೋ ಪದ್ಯದ ಬದಲಿಗೆ ಬರುತ್ತೆ. ಗಮಕ ಪದ್ಯವನ್ನೇ ತರುತ್ತೆ. ನಾನು ಆರಿಸೋವಾಗ ಇದೊಂದೇ ನೋಡೋದು, ಇದು ಮಕ್ಕಳನ್ನ ಸಾಲಿಗೆ ವಾಪಸ್ ಕರ್ಕೊಂಡು ಬರುತ್ತಾ ಇಲ್ವಾ ಅಂತ. ಬರಲ್ಲ ಅಂದ್ರೆ ಎಷ್ಟೇ ಚಂದ ಇರ್ಲಿ, ಆನಿಮೇಷನ್ ಇರ್ಲಿ, ಬಿಟ್ಟುಬಿಡ್ತೀನಿ.

ಮನೇಲಿ ತೆಲುಗು ಮಾತಾಡೋ ಮಕ್ಕಳಿಗಂತೂ ಕಿವಿಗೆ ಬೀಳೋದು ಇನ್ನೂ ಮುಖ್ಯ ಅಲ್ವಾ. ನೀವೊಮ್ಮೆ ಛಂದಸ್ಸಿಗೆ ಇದನ್ನ ಮಾಡಿ ನೋಡಿ, ಪರೀಕ್ಷೆಗೂ ಬೇಕಾದ್ದೇ. ಭಾಮಿನಿ ಷಟ್ಪದಿ 3-4-3-4 ಮಾತ್ರೆ ಅಂತ ಬೋರ್ಡ್ ಮೇಲೆ ಗೆರೆ ಹಾಕಿ ಕಲಿಸಿದ್ರೆ ಮರುದಿನ ಮರೀತಾರೆ. ಚಪ್ಪಾಳೆ ಹಾಕಿಸಿ. ಇನತ, ನೂಜನ, ಕೂಡೆ, ಮೈದುನ. ಆಮೇಲೆ ಮೂರನೇ ಸಾಲು, ದನುಜ, ರಿಪುಬರ, ಸೆಳೆದು, ಕುಳ್ಳಿರಿ, ಸಿದನು, ಪೀಠದ, ಲಿ. ಕೊನೆಯ ಆ "ಲಿ" ಎಳೆದು ಹೇಳ್ಬೇಕು, ಅದು ಗುರು, ಎರಡು ಮಾತ್ರೆ. ಒಂದು ಎರಡು ನಾಲ್ಕು ಐದನೇ ಸಾಲಿಗೆ 14 ಮಾತ್ರೆ, ಮೂರು ಆರಕ್ಕೆ 23, ಒಟ್ಟು 102, ಮಕ್ಕಳೇ ಕೂಡಿಸಿ ಹೇಳ್ತಾರೆ. ಇದಾದ್ಮೇಲೆ ಗಮಕ ಹಾಕಿ. ಗಮಕಿಗಳು ಈ ಗಣಕ್ಕೆ ನಿಲ್ಲಲ್ಲ, ಅರ್ಥಕ್ಕೆ ನಿಲ್ತಾರೆ. ಚಪ್ಪಾಳೆ ಒಂದು ಕಡೆ ಹೋಗುತ್ತೆ, ಅರ್ಥ ಇನ್ನೊಂದು ಕಡೆ ಹೋಗುತ್ತೆ, ಎರಡೂ ಒಂದೇ ಪದ್ಯದೊಳಗಿದೆ ಅನ್ನೋದು ಕಿವಿಗೆ ಗೊತ್ತಾದಾಗ ಮಕ್ಕಳ ಮುಖ ನೋಡ್ಬೇಕು ನೀವು. ಹೊಸಹಳ್ಳಿ ಕೇಶವಮೂರ್ತಿಯವರಿಗೆ 2022ರಲ್ಲಿ ಗಮಕಕ್ಕೆ ಪದ್ಮಶ್ರೀ ಬಂತಲ್ಲ, ಆ ಊರು ನಮ್ಮ ಜಿಲ್ಲೆದೇ, ಆದ್ರೂ ನಮ್ಮ ಮಕ್ಕಳಲ್ಲಿ ಒಬ್ಬರೂ ಅದುವರೆಗೆ ಗಮಕ ಕೇಳಿರ್ಲಿಲ್ಲ.


ಘಟಪ್ರಭಾ ದಂಡಿ:

ಸರ ನಮಸ್ಕಾರ್ರಿ. ನಾ ಮುಧೋಳ ಕಡಿಯಾಕಿ, ಹೈಸ್ಕೂಲ್ ಟೀಚರ. ಓದಿ ಭಾಳ ಖುಷಿ ಆತ್ರಿ. ನಮ್ಮಲ್ಲಿ ಉಲ್ಟಾ ಕಥಿ ಐತ್ರಿ. ಹತ್ತನೇತ್ತಾಕ ಹಲಗಲಿ ಬೇಡರು ಲಾವಣಿ ಐತಲ್ರಿ, ಹಲಗಲಿ ನಮಗ ದೂರ ಏನಿಲ್ಲ. 1857ರಾಗ ಕುಂಪಣಿ ಸರಕಾರ ಹತಾರ ಒಪ್ಪಸ್ರಿ ಅಂತ ಕಾಯ್ದೆ ಮಾಡ್ದಾಗ ಕೊಡೂದಿಲ್ಲ ಅಂತ ನಿಂತ ಮಂದಿ ಅವರು, ಹನುಮ, ಬಾಲ, ಜಡಗ, ರಾಮ, ಈ ಹೆಸರು ನಮ್ಮ ಹುಡುಗರ ಮನ್ಯಾಗ ಇನ್ನೂ ಇಡ್ತಾರ್ರಿ.

ಹಿಂಗಾಗಿ ನಾ ಏನ ಮಾಡಿದೆ ಅಂದ್ರ ಮದಲ ಯೂಟ್ಯೂಬಿನ್ಯಾಗ ಲಾವಣಿ ಹುಡುಕಿದೆ, ಸಿಕ್ಕದ್ದು ಸಿನಿಮಾ ಹಾಡಿನ ಧಾಟಿಗೆ ಹಾಡಿದ್ದು, ಅದ್ರಾಗ ಹಲಗಿ ಸಪ್ಪಳಾನ ಇಲ್ಲ. ಹುಡುಗರಿಗೆ ಕೇಳಿಸಿದ್ರ ಒಬ್ಬಾಕಿ ಎದ್ದು ಟೀಚರ ನಮ್ಮ ಆಯಿ ಹಿಂಗ ಹಾಡೂದಿಲ್ರಿ ಅಂದ್ಲು. ಹಂಗಾರ ಆಯಿ ಹಾಡಿದ್ದು ತೊಗೊಂಡ ಬಾ ಅಂದೆ. ಮೂರು ದಿನದಾಗ ಹನ್ನೊಂದು ರೆಕಾರ್ಡಿಂಗ್ ಬಂದ್ವು ನೋಡ್ರಿ! ಲಾವಣಿ ಎರಡ ಇದ್ವು, ಉಳಿದದ್ದು ಬೀಸೂ ಪದ, ಕುಟ್ಟೂ ಪದ, ಮದಿವಿ ಪದ. ಒಂದ್ರಾಗ ಆಯಿ ನಡುವ ನಿಂತು ಮುಂದಿಂದು ಮರ್ತೇನ ತಂಗಿ ಅಂತಾಳ, ಹುಡುಗಿ ಪುಸ್ತಕ ನೋಡಿ ಮುಂದಿನ ಸಾಲು ಹೇಳಿಕೊಡ್ತಾಳ, ಆಯಿ ಹಾಂ ಹಾಂ ಅಂದು ಮತ್ತ ಹಿಡೀತಾಳ. ಅದನ್ನ ಕೇಳಿ ನನಗ ಕಣ್ಣಾಗ ನೀರು ಬಂದ್ವು.

ನೆಟ್ಟಿನ್ಯಾಗ ಸಿಗೂದಷ್ಟ ಸಾಹಿತ್ಯ ಅಂತ ಹುಡುಗರು ತಿಳ್ಕೋಬಾರ್ದು, ಅಲ್ಲಿ ಇಲ್ಲದ್ದು ನಿಮ್ಮ ಮನ್ಯಾಗ ಐತಿ ಅನ್ನೂದು ಅವರಿಗೆ ಗೊತ್ತಾಗಬೇಕ್ರಿ. ಇದನ್ನ ಹ್ಯಾಂಗ ಇಡಬೇಕು, ಯೂಟ್ಯೂಬಿಗೆ ಹಾಕಬೇಕೋ ಬ್ಯಾಡೋ, ಯಾರರ ತಿಳಿದವರು ಹೇಳ್ರಿ.


ಅಕ್ಷರಪ್ರೇಮಿ ಬೆಂಗಳೂರು:

ಮೇಡಂ ನಾನು ಟೀಚರ್ ಅಲ್ಲ, ಸಾಫ್ಟ್‌ವೇರ್ ಕೆಲಸ, ವಿಕಿಸೋರ್ಸ್ ಅನ್ನೋ ಉಚಿತ ಆನ್‌ಲೈನ್ ಲೈಬ್ರರಿಗೆ ಪುಸ್ತಕ ಸೇರಿಸೋ ಕೆಲಸದಲ್ಲಿ ಬಿಡುವಿದ್ದಾಗ ಕೈಜೋಡಿಸ್ತೀನಿ. ನಿಮ್ಮ ರೆಕಾರ್ಡಿಂಗ್ ಬಗ್ಗೆ: ಮೊದಲು ಆ ಅಜ್ಜಿಯರನ್ನ ಕೇಳಿ, ಊರು ಹೆಸರು ಹಾಕಬಹುದಾ, ಎಲ್ಲರೂ ಕೇಳೋ ಹಾಗೆ ಇಡಬಹುದಾ ಅಂತ. ಒಪ್ಪಿಗೆಯನ್ನೂ ದನಿಯಲ್ಲೇ ರೆಕಾರ್ಡ್ ಮಾಡಿಟ್ಕೊಳ್ಳಿ. ಅಲ್ಲೀವರೆಗೆ ಶಾಲೆಯ ಒಂದು ಪೆನ್‌ಡ್ರೈವ್, ಇನ್ನೊಂದು ನಿಮ್ಮ ಮನೇಲಿ, ಎರಡು ಕಾಪಿ ಇರಲಿ. ಮೊಬೈಲ್‌ನಲ್ಲಿ ಮಾತ್ರ ಇಟ್ರೆ ಒಂದು ದಿನ ಹೋಗುತ್ತೆ. ವಾಟ್ಸಾಪಲ್ಲಿ ಕಳಿಸೋವಾಗ ಡಾಕ್ಯುಮೆಂಟ್ ಅಂತ ಕಳಿಸೋಕೆ ಹೇಳಿ, ಮೂಲ ಫೈಲ್ ಹಾಗೇ ಬರುತ್ತೆ.

ಕಾಪಿರೈಟ್ ಬಗ್ಗೆ ಟೀಚರ್‌ಗಳು ತುಂಬಾ ಭಯ ಪಡ್ತಾರೆ, ಇಲ್ಲಾಂದ್ರೆ ಏನೂ ಯೋಚ್ನೆ ಮಾಡಲ್ಲ. ನಮ್ಮ ದೇಶದಲ್ಲಿ ಲೇಖಕರು ತೀರಿಕೊಂಡ ಮೇಲೆ 60 ವರ್ಷ ಹಕ್ಕು ಇರುತ್ತೆ, ಅದು ಮುಂದಿನ ಜನವರಿ ಒಂದರಿಂದ ಲೆಕ್ಕ. ಕುಮಾರವ್ಯಾಸ, ವಚನ, ಲಾವಣಿ ಮೂಲಕ್ಕೆ ಯಾವ ಹಕ್ಕೂ ಇಲ್ಲ, ಆದ್ರೆ ಇವತ್ತಿನವರು ಹಾಡಿದ ರೆಕಾರ್ಡಿಂಗ್ ಮೇಲೆ ಹಾಡಿದವರಿಗೂ ರೆಕಾರ್ಡ್ ಮಾಡಿಸಿದವರಿಗೂ ಹಕ್ಕು ಇರುತ್ತೆ. ಕ್ಲಾಸಿನೊಳಗೆ ಪಾಠಕ್ಕಾಗಿ ಮೇಷ್ಟ್ರು ಮಕ್ಕಳು ಒಂದು ಕೃತಿಯನ್ನ ಪ್ರತಿ ಮಾಡ್ಕೊಂಡು ಬಳಸೋಕೆ ಕಾಯ್ದೆಯಲ್ಲೇ ಅವಕಾಶ ಇದೆ, 52ನೇ ಸೆಕ್ಷನ್. ಅದನ್ನೇ ನಿಮ್ಮ ಚಾನೆಲ್‌ಗೆ ಅಪ್‌ಲೋಡ್ ಮಾಡಿದ್ರೆ ವಿಷಯ ಬೇರೆ.


ಗಡಿನಾಡು ಕನ್ನಡತಿ:

ನಾನು ಕಾಸರಗೋಡಿನ ಕನ್ನಡ ಮಾಧ್ಯಮ ಹೈಸ್ಕೂಲಿನಲ್ಲಿರುವವಳು. ನಮ್ಮದು ಕೇರಳದ ಪಠ್ಯ, ನಿಮ್ಮ ಪುಸ್ತಕ ಅಲ್ಲ, ಆದರೂ ಕರ್ನಾಟಕದ ಪಠ್ಯಪುಸ್ತಕದ ಪಿಡಿಎಫ್ ಇಳಿಸಿಕೊಂಡು ಹೆಚ್ಚುವರಿ ಓದಿಗೆ ಕೊಡುವುದುಂಟು. ಕನ್ನಡದ ಪುಸ್ತಕದಂಗಡಿ ಹತ್ತಿರದಲ್ಲಿ ಇಲ್ಲದ ಜಾಗ ಇದು, ನಮಗೆ ನೆಟ್ ಅಂದರೆ ಲೈಬ್ರರಿಯೇ.

ಅಕ್ಷರಪ್ರೇಮಿಯವರು ಅರವತ್ತು ವರ್ಷ ಅಂದರಲ್ಲ, ನಮ್ಮ ಮಂಜೇಶ್ವರದ ಗೋವಿಂದ ಪೈಗಳು ತೀರಿಕೊಂಡದ್ದು 1963ರಲ್ಲಿ, ಹಾಗಾದರೆ 2024ರ ಜನವರಿಯಿಂದ ಅವರು ಬದುಕಿದ್ದಾಗ ಅಚ್ಚಾದದ್ದೆಲ್ಲ ಎಲ್ಲರದ್ದೂ ಆಯಿತು! ಒಂಬತ್ತನೆಯ ತರಗತಿಯ ಮಕ್ಕಳಿಗೆ ಇದನ್ನೇ ಕೆಲಸವಾಗಿ ಕೊಡಬಹುದಲ್ಲವಾ? ಸ್ಕ್ಯಾನ್ ಆದ ಪುಟ ನೋಡಿ ಒಬ್ಬೊಬ್ಬರು ಒಂದೊಂದು ಕವನ ಯೂನಿಕೋಡಿನಲ್ಲಿ ಟೈಪ್ ಮಾಡುವುದು, ಇನ್ನೊಬ್ಬರು ತಿದ್ದುವುದು. ಟೈಪ್ ಮಾಡುವವ ಪ್ರತಿ ಅಕ್ಷರ ನೋಡಲೇ ಬೇಕು, ಅದಕ್ಕಿಂತ ನಿಧಾನದ ಓದು ಯಾವುದುಂಟು?

ಮತ್ತೆ ಕರ್ಣನ ಪಾಠಕ್ಕೆ ಒಂದು ಮಾತು. ಕರ್ಣಭೇದನ ತಾಳಮದ್ದಳೆ, ಅಂದರೆ ವೇಷ ಕುಣಿತ ಇಲ್ಲದೆ ಕುಳಿತು ಹಾಡು ಮಾತಿನಲ್ಲೇ ನಡೆಸುವ ಯಕ್ಷಗಾನ, ಯೂಟ್ಯೂಬಿನಲ್ಲಿ ಬೇಕಾದಷ್ಟು ಉಂಟು. ಮೂರು ಗಂಟೆಯದ್ದು ತೋರಿಸಲು ಹೋಗಬೇಡಿ. ಕೃಷ್ಣ ಜನ್ಮರಹಸ್ಯ ಹೇಳಿದ ಮೇಲೆ ಕರ್ಣ ಕೊಡುವ ಮೊದಲ ಉತ್ತರ, ಬರೇ ನಾಲ್ಕು ನಿಮಿಷ, ಇಬ್ಬರು ಬೇರೆ ಬೇರೆ ಅರ್ಥಧಾರಿಗಳದ್ದು (ಪಾತ್ರವಾಗಿ ಮಾತಾಡುವವರದ್ದು) ಕತ್ತರಿಸಿ ಇಟ್ಟುಕೊಳ್ಳಿ. ನಾನು ಕೇಳಿಸಿದ ಎರಡರಲ್ಲಿ ಒಬ್ಬರ ಕರ್ಣ ಅಳುತ್ತಾನೆ, ಇನ್ನೊಬ್ಬರ ಕರ್ಣ ಕೃಷ್ಣನನ್ನೇ ಜಾಡಿಸುತ್ತಾನೆ, ಇಷ್ಟು ದಿನ ಎಲ್ಲಿದ್ದೆ ಅಂತ. ನಿಮ್ಮ ಕುಮಾರವ್ಯಾಸನ ಕರ್ಣ ಯಾವುದು ಅಂತ ಕೇಳಿದರೆ ಮಕ್ಕಳು ಪುಸ್ತಕ ತೆರೆಯದೆ ಉತ್ತರ ಕೊಡುವ ಹಾಗೆ ಇಲ್ಲ.


ಕೋಲಾರದ ಟೀಚರ್:

ಇದು ಒಳ್ಳೇ ಐಡಿಯಾ ಮೇಡಂ. ಪಾಠದ ಹೆಸರೇ ಕೌರವೇಂದ್ರನ ಕೊಂದೆ ನೀನು ಅಂತ ಇದ್ರೂ ನನ್ನ ಮಕ್ಕಳು ಅದು ಯುದ್ಧದ ಸೀನ್ ಅಂದ್ಕೊಂಡಿರ್ತಾರೆ. ಯಾರು ಯಾರಿಗೆ ಹೇಳಿದ್ದು ಅಂದ್ರೆ ಭೀಮ ಅಂತಾರೆ! ಇನ್ನೂ ಯುದ್ಧನೇ ಶುರುವಾಗಿಲ್ಲ, ನಿನ್ನ ಹುಟ್ಟು ಇದು ಅಂತ ಹೇಳಿದ ಒಂದು ಮಾತಿಗೇ ಕೌರವ ಸತ್ತಂಗೆ ಅಂತ ಕರ್ಣನಿಗೆ ಹೊಳೆಯುತ್ತಲ್ಲ, ಆ ನೋವು ಸಾರಾಂಶದ ವೀಡಿಯೋದಲ್ಲಿ ಬರಲ್ಲ, ಅಲ್ಲಿ "ಕರ್ಣನು ದುಃಖಿತನಾದನು" ಅಂತ ಮುಗಿಸಿರ್ತಾರೆ.


ವಚನದ ಹುಚ್ಚು:

ತಡವಾಗಿ ಬಂದೆ. ನಾನು ತುಮಕೂರು ಜಿಲ್ಲೆಯ ಅನುದಾನಿತ ಶಾಲೆ ಮೇಷ್ಟ್ರು. ಇಲ್ಲಿ ಯಾರೂ ವಚನ ಸಂಚಯ ಅನ್ನೋ ವೆಬ್‌ಸೈಟ್ ಬಗ್ಗೆ ಹೇಳಿಲ್ವಲ್ಲ? 20 ಸಾವಿರಕ್ಕೂ ಹೆಚ್ಚು ವಚನ ಒಂದೇ ಕಡೆ, ಪದ ಹಾಕಿ ಹುಡುಕಬಹುದು, ವಚನಕಾರರ ಹೆಸರು, ಅಂಕಿತ (ವಚನದ ಕೊನೆಗೆ ಅವರು ಹಾಕೋ ದೇವರ ಹೆಸರು) ಎಲ್ಲ ಬರುತ್ತೆ. ದಾಸರ ಪದಗಳಿಗೂ ಅಂಥದ್ದೇ ದಾಸ ಸಂಚಯ ಇದೆ.

ನಾನು ಮಾಡಿಸೋದು ಹೀಗೆ. ಪ್ರತಿ ಮಗುಗೂ ಅವರವರ ಮನೆ ಕಸುಬಿನ ಒಂದು ವಸ್ತುವಿನ ಹೆಸರು ಚೀಟಿಲಿ ಬರೀರಿ ಅಂತೀನಿ. ಮಗ್ಗ, ನೇಗಿಲು, ಉಳಿ, ಹಗ್ಗ, ಕೊಡ, ಕುಡುಗೋಲು. ನಾನು ಸಂಜೆ ಕೂತು ಹುಡುಕಿ, ಸಿಕ್ಕ ವಚನಗಳನ್ನ ಪ್ರಿಂಟ್ ಹಾಕಿ ಮರುದಿನ ಅವರವರ ಕೈಗೆ ಕೊಡ್ತೀನಿ. ಹೋದ ವರ್ಷ ಒಬ್ಬ ಹುಡುಗ ಚೀಟಿ ಖಾಲಿ ಕೊಟ್ಟ. ಅವರಪ್ಪ ಬಸ್‌ಸ್ಟ್ಯಾಂಡ್ ಹತ್ರ ಚಪ್ಪಲಿ ಹೊಲೀತಾರೆ, ಹೇಳೋಕೆ ಅವನಿಗೆ ನಾಚಿಕೆ. ನಾನು ಏನೂ ಕೇಳ್ಲಿಲ್ಲ. ಮರುದಿನ ಎಲ್ಲರಿಗೂ ಕೊಟ್ಟ ಹಾಗೆ ಅವನಿಗೂ ಒಂದು ಹಾಳೆ ಕೊಟ್ಟೆ, ಮಾದಾರ ಚೆನ್ನಯ್ಯನ ವಚನ. ಆ ಅಂಕಿತದಲ್ಲೇ ಕೈಯುಳಿ, ಕತ್ತಿ ಬರುತ್ತೆ, ಚಮ್ಮಾರಿಕೆಯ ಹತಾರಗಳನ್ನೇ ದೇವರ ಹೆಸರಿನ ಪಕ್ಕ ಇಟ್ಟಿದಾನೆ. ಹುಡುಗ ಎರಡು ಸಲ ಓದಿದ. ಸಂಜೆ ಎಲ್ಲರೂ ಹೋದ್ಮೇಲೆ ಬಂದು ಸಾರ್ ಈ ಹಾಳೆ ಮನೆಗೆ ತಗೊಂಡು ಹೋಗ್ಲಾ, ನಮ್ಮಪ್ಪನಿಗೆ ಓದಿ ಹೇಳ್ತೀನಿ ಅಂದ.

ಇಷ್ಟು ದೊಡ್ಡ ಸಂಗ್ರಹದಲ್ಲಿ ಆ ಹುಡುಗನಿಗೆ ಬೇಕಾದ ಒಂದು ವಚನ ಒಂದು ಸಂಜೆಯಲ್ಲಿ ನನ್ನ ಕೈಗೆ ಸಿಗ್ತಲ್ಲ, ಸಮಗ್ರ ವಚನ ಸಂಪುಟಗಳನ್ನ ಮುಂದೆ ಇಟ್ಕೊಂಡಿದ್ರೆ ಸಿಗ್ತಿತ್ತಾ? ಅದಕ್ಕೇ ನಾನು ಇದರ ಪರ ಇಷ್ಟು ಮಾತಾಡೋದು.


ಪಿಯುಸಿ ಹುಡುಗಿ:

ಸರ್ ಮೇಡಂ ಎಲ್ಲರಿಗೂ ನಮಸ್ತೆ. ನಾನು ಹೋದ ವರ್ಷ ಎಸ್‌ಎಸ್‌ಎಲ್‌ಸಿ ಬರೆದವಳು. ಸಾರಾಂಶದ ವೀಡಿಯೋ ನಾನೂ ನೋಡ್ತಿದ್ದೆ, ಒಂದೂವರೆ ಸ್ಪೀಡಲ್ಲಿ. ಯಾಕೆ ಅಂದ್ರೆ ಮನೇಲಿ ಒಂದೇ ಫೋನು, ಅಪ್ಪ ಎಂಟು ಗಂಟೆಗೆ ಬಂದ್ಮೇಲೆ ಕೈಗೆ ಸಿಗೋದು, ತಮ್ಮನಿಗೂ ಬೇಕು, ಅರ್ಧ ಗಂಟೆಲಿ ಮೂರು ಪಾಠ ಮುಗಿಸ್ಬೇಕಿತ್ತು. ಪುಸ್ತಕದ ಕ್ಯೂಆರ್ ಕೋಡ್ ಸ್ಕ್ಯಾನ್ ಮಾಡಿದ್ರೆ ದೀಕ್ಷಾ ಆ್ಯಪಿಗೆ ಹೋಗುತ್ತೆ ಅಂತ ಕ್ಲಾಸಲ್ಲಿ ಹೇಳಿದ್ರು ಆದ್ರೆ ಡೇಟಾ ಇರ್ತಿರ್ಲಿಲ್ಲ. ದಯವಿಟ್ಟು ಮನೇಲಿ ನೋಡ್ಕೊಂಡು ಬನ್ನಿ ಅಂತ ಹೇಳ್ಬೇಡಿ, ಕ್ಲಾಸಲ್ಲೇ ಕೇಳಿಸಿ. ಫೋನ್ ಇಲ್ಲದವರು ಮರುದಿನ ಸುಮ್ನೆ ತಲೆ ತಗ್ಗಿಸ್ಕೊಂಡು ಕೂತಿರ್ತೀವಿ.

ಇನ್ನೊಂದು, ನನ್ನ ಫ್ರೆಂಡ್ ಈಗ ಎಐಗೆ ಕೇಳಿ ಅಸೈನ್ಮೆಂಟ್ ಬರೀತಾಳೆ. ಅಕ್ಕಮಹಾದೇವಿ ವಚನ ಅಂತ ಒಂದು ಕೊಟ್ಟಿತ್ತು, ಕೊನೆಗೆ ಚೆನ್ನಮಲ್ಲಿಕಾರ್ಜುನ ಅಂತಾನೂ ಇತ್ತು. ನಮ್ಮ ಲೆಕ್ಚರರ್ ಇದು ಅಕ್ಕನ ಭಾಷೆ ಅಲ್ಲ ಅಂದ್ರು. ಹೇಗೆ ಗೊತ್ತಾಗುತ್ತೆ?


ವಚನದ ಹುಚ್ಚು:

ಒಳ್ಳೆ ಪ್ರಶ್ನೆ ಮಗಾ. ಅಂಕಿತ ಯಾರು ಬೇಕಾದ್ರೂ ಅಂಟಿಸಬಹುದು. ವಾಟ್ಸಾಪಲ್ಲಿ ಬಸವಣ್ಣನ ಫೋಟೋ ಹಾಕಿ ಬರೋದರಲ್ಲೂ ಇಂಥವು ಬೇಕಾದಷ್ಟಿದೆ. ಆ ವಚನದಿಂದ ಅಪರೂಪದ ಎರಡು ಪದ ತಗೊಂಡು ವಚನ ಸಂಚಯದಲ್ಲಿ ಒಂದೊಂದಾಗಿ ಹುಡುಕು. ಇಡೀ ಸಾಲು ಹಾಕಬೇಡ, ಯಾಕಂದ್ರೆ ಕಾಗುಣಿತದಲ್ಲಿ ಸಣ್ಣ ವ್ಯತ್ಯಾಸ ಇದ್ರೂ ಸಿಗಲ್ಲ, ಚೆನ್ನ ಅಂತ ಒಂದು ಕಡೆ ಚನ್ನ ಅಂತ ಇನ್ನೊಂದು ಕಡೆ ಇರುತ್ತೆ. ಒಂದು ಸಲ ಸಿಗ್ಲಿಲ್ಲ ಅಂತ ಸುಳ್ಳು ಅಂತ ತೀರ್ಮಾನ ಮಾಡಬೇಡ, ನಾಲ್ಕೈದು ಥರ ಹುಡುಕಿ ಎಲ್ಲೂ ಇಲ್ಲ ಅಂದ್ರೆ ಅನುಮಾನ ಪಡು. ಆಮೇಲೆ ಆ ಹೊಸದನ್ನೂ ಅಕ್ಕನ ನಿಜವಾದ ವಚನ ಹತ್ತನ್ನೂ ಪಕ್ಕಪಕ್ಕ ಇಟ್ಕೊಂಡು ಜೋರಾಗಿ ಓದು. "ಜೀವನದ ಪಯಣ", "ಸಕಾರಾತ್ಮಕ" ಅನ್ನೋ ಥರದ ಪದ ಹನ್ನೆರಡನೇ ಶತಮಾನದಲ್ಲಿ ಬರಲ್ಲ, ಕಿವಿಗೇ ಗೊತ್ತಾಗುತ್ತೆ.


ಮಲ್ನಾಡ್ ಮೇಷ್ಟ್ರು:

ಮಗು ಹೇಳಿದ ಫೋನಿನ ವಿಷಯ ಮನಸ್ಸಿಗೆ ನಾಟ್ತು. ನಾನೂ ಎಷ್ಟೋ ಸಲ ಮನೇಲಿ ನೋಡ್ಕೊಂಡು ಬನ್ನಿ ಅಂದಿದೀನಿ. ಇನ್ಮೇಲೆ ಅನ್ನಲ್ಲ.

ನಿಘಂಟಿನ ವಿಷಯ ಯಾರೂ ಎತ್ತಿಲ್ಲ ಅಂತ ನಾನೇ ಹೇಳ್ತೀನಿ. "ಇನ" ಅಂದ್ರೆ ಸೂರ್ಯ, ತನೂಜ ಅಂದ್ರೆ ಮಗ, ನಾನೇ ಹೇಳಿಬಿಡ್ತಿದ್ದೆ. ಈಗ ಇಬ್ಬರು ಮಕ್ಕಳಿಗೆ ನನ್ನ ಫೋನ್ ಕೊಟ್ಟು ಹುಡುಕಿ ಅಂತೀನಿ. ಅಲರ್ ನಿಘಂಟು ಇದೆ, ವಿ. ಕೃಷ್ಣ ಅನ್ನೋರು ಒಬ್ಬರೇ ಕೂತು ದಶಕಗಟ್ಟಲೆ ಮಾಡಿದ್ದು, ಒಂದೂವರೆ ಲಕ್ಷದ ಹತ್ರ ಪದ, 2019ರಲ್ಲಿ ನೆಟ್‌ಗೆ ಬಂತು, ಅರ್ಥ ಇಂಗ್ಲಿಷಲ್ಲಿರುತ್ತೆ. ಮೈಸೂರಿನ ಭಾಷಾ ಸಂಸ್ಥಾನದ ಭಾರತವಾಣಿಯಲ್ಲೂ ನಿಘಂಟುಗಳಿವೆ. ಕಿಟೆಲ್ 1894ರಲ್ಲಿ ಮಂಗಳೂರಲ್ಲಿ ಅಚ್ಚು ಹಾಕಿಸಿದ ಕನ್ನಡ-ಇಂಗ್ಲಿಷ್ ನಿಘಂಟಿನ ಸ್ಕ್ಯಾನ್ ಕೂಡ ಸಿಗುತ್ತೆ, ಆ ಹಳೇ ಪುಟವನ್ನ ಒಂದು ಸಲ ಪ್ರೊಜೆಕ್ಟರಲ್ಲಿ ತೋರಿಸ್ದೆ, ಮಕ್ಕಳು ಪೀರಿಯಡ್ ಮುಗಿದ್ರೂ ಏಳ್ಲಿಲ್ಲ.

ಒಂದು ತೊಂದ್ರೆ ಮಾತ್ರ ಬಗೆಹರಿದಿಲ್ಲ. ನನ್ನ ಹಳೇ ನೋಟ್ಸ್ ಎಲ್ಲ ನುಡಿ ಅನ್ನೋ ಕನ್ನಡ ಟೈಪಿಂಗ್ ಸಾಫ್ಟ್‌ವೇರ್‌ನಲ್ಲಿ ಟೈಪ್ ಮಾಡಿದ್ದು, ಮೊಬೈಲಲ್ಲಿ ತೆರೆದ್ರೆ ಬರೀ ಇಂಗ್ಲಿಷ್ ಅಕ್ಷರ ಚೆಲ್ಲಿದ ಹಾಗೆ ಕಾಣುತ್ತೆ. ಹಂಚೋಣ ಅಂದ್ರೆ ಆಗ್ತಿಲ್ಲ.


ಅಕ್ಷರಪ್ರೇಮಿ ಬೆಂಗಳೂರು:

ಸರ್ ಅದು ಹಳೇ ಆಸ್ಕಿ ಫಾಂಟ್, ಆ ಫಾಂಟ್ ಇಲ್ಲದ ಕಡೆ ಕನ್ನಡ ಕಾಣಲ್ಲ, ಎಲ್ಲ ಫೋನಲ್ಲೂ ಕಾಣೋ ಯೂನಿಕೋಡಿಗೆ ಬದಲಾಯಿಸೋ ಕನ್ವರ್ಟರ್‌ಗಳು ಫ್ರೀಯಾಗಿ ಸಿಗುತ್ತೆ. ಬದಲಾಯಿಸಿದ ಮೇಲೆ ಒತ್ತಕ್ಷರ, ಅರ್ಕಾವೊತ್ತು, ಮತ್ತೆ ಹಳಗನ್ನಡದ ಱ ಮಾತ್ರ ಕಣ್ಣಿಟ್ಟು ನೋಡಿ, ತಪ್ಪಾಗೋದು ಅಲ್ಲೇ. ರನ್ನನ ಛಲಮನೆ ಮೆಱೆವೆಂ ಪಾಠದ ಹೆಸರಲ್ಲೇ ಱ ಇದೆಯಲ್ಲ, ಅದರಿಂದಲೇ ಶುರು ಮಾಡಿ. ಫೈಲ್ ನನಗೆ ಕಳಿಸಿ, ನಾನು ಮಾಡ್ಕೊಡ್ತೀನಿ. ಆದ್ರೆ ಒಂದು ಕೇಳಿಕೆ, ಅದನ್ನ ಗ್ರೂಪಲ್ಲಿ ಮಾತ್ರ ಹಾಕಬೇಡಿ, ಟೀಚರ್‌ಗಳೇ ಸೇರಿ ಕಟ್ತಿರೋ ಕರ್ನಾಟಕ ಮುಕ್ತ ಶೈಕ್ಷಣಿಕ ಸಂಪನ್ಮೂಲದ ಪುಟಗಳಿವೆ, ಅಲ್ಲೂ ಸೇರಿಸಿ. ಗ್ರೂಪಲ್ಲಿ ಹಾಕಿದ್ದು ಮೂರು ತಿಂಗಳಿಗೆ ಮೇಲೆ ಹೋಗಿಬಿಡುತ್ತೆ, ಹೊಸದಾಗಿ ಸೇರಿದ ಟೀಚರ್‌ಗೆ ಸಿಗಲ್ಲ.


ಕೋಲಾರದ ಟೀಚರ್:

ಮುಧೋಳದ ಮೇಡಂ, ಒಂದು ಕೇಳ್ಲಾ? ಹಲಗಲಿ ಲಾವಣಿ ನಾನು ಓದಿದ್ರೆ ನನ್ನ ಕೋಲಾರದ ನಾಲಿಗೆಗೆ ಅದು ಹೊರಳಲ್ಲ, ನಿಮ್ಮ ಕಡೆ ಪದಗಳು ನನ್ನ ಬಾಯಲ್ಲಿ ಸತ್ತುಹೋಗುತ್ತೆ, ಮಕ್ಕಳಿಗೆ ಇದೇನು ಕನ್ನಡನಾ ಅನ್ನಿಸುತ್ತೆ. ಆ ಆಯಿ ಮರೆತು ಮತ್ತೆ ಹಿಡಿದ ರೆಕಾರ್ಡಿಂಗ್ ಇದೆಯಲ್ಲ, ಅವರು ಒಪ್ಪಿದ್ರೆ ನನ್ನ ಕ್ಲಾಸಿಗೆ ಮಾತ್ರ ಕಳಿಸ್ತೀರಾ? ಸ್ಪೀಕರ್ ತಗೋತೀನಿ. ಡಿಸೆಂಬರ್ ಪ್ಯಾಕೇಜ್ ಶುರುವಾಗೋದ್ರೊಳಗೆ ಒಂದು ಪೀರಿಯಡ್ ಹೇಗಾದ್ರೂ ಬಿಡಿಸ್ಕೋತೀನಿ.


ಘಟಪ್ರಭಾ ದಂಡಿ:

ಕಳಸ್ತೀನ್ರಿ ಅಕ್ಕಾರ, ಯಾಕ ಕಳಸೂದಿಲ್ಲ. ಇವತ್ತ ಸಂಜೀಕ ಆಯಿ ಮನಿಗೆ ಹೋಗಿದ್ದೆ. ಕೋಲಾರದ ಹುಡುಗರು ಕೇಳ್ತಾರಂತ, ಕಳಸ್ಲೇನು ಅಂದೆ. ಆ ಮಂದಿಗೆ ನಮ್ಮ ಮಾತು ತಿಳೀತೈತೇನು ಅಂತ ಕೇಳಿದ್ಲು. ತಿಳೀದಿದ್ರ ನೀ ಹೇಳಿಕೊಡು ಅಂದೆ. ಹಂಗಾರ ಮರ್ತ ಹಾಡಿದ್ದು ಬ್ಯಾಡ, ಐತವಾರ ಬಾ, ತಲಿ ಎರಕೊಂಡು ಕುಂತು ಪೂರಾ ಹಾಡ್ತೀನಿ, ನಮ್ಮ ಹುಡುಗಗ ಹಲಗಿ ತರಾಕ ಹೇಳ್ತೀನಿ ಅಂದ್ಲು. ಎರಡೂ ಕಳಸ್ತೀನಿ. ನಿಮ್ಮ ಹುಡುಗರಿಗೆ ತಿಳೀದ ಶಬ್ದ ಎಲ್ಲಾ ಪಟ್ಟಿ ಮಾಡಿಸಿ ಕಳಸ್ರಿ, ನನ್ನ ಹುಡುಗರು ಅದಕ್ಕ ದನಿಯಾಗನ ಉತ್ತರ ಕೊಡ್ತಾರ.